ಕಣಕ್ಕೆ ಹಿಡಿಸುವಷ್ಟೇ ಕೌದಿ ಸಾಕು

ನಾನಿರುವುದು ಅಮೆರಿಕದ ನೆಬ್ರಾಸ್ಕಾದ ಲಿಂಕನ್ನಿನಲ್ಲಿ. ಇಲ್ಲಿ ಕ್ವಿಲ್ಟುಗಳಿಗೆಂದೇ, ಅಂದರೆ ನಮ್ಮ ಕೌದಿಯಂಥ ಪದರ ಹೊಲಿದ ಹೊದಿಕೆಗಳಿಗೆಂದೇ, ಒಂದು ಮ್ಯೂಸಿಯಂ ಇದೆ. 1997ರಲ್ಲಿ ಜೇಮ್ಸ್ ದಂಪತಿ ತಾವು ಕೂಡಿಟ್ಟಿದ್ದ ಸಾವಿರದ ಹತ್ತಿರದಷ್ಟು ಕ್ವಿಲ್ಟುಗಳನ್ನು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದೇ ಅದರ ಬುನಾದಿ. ಆ ಗಾಳಿ ಊರಿಗೂ ಬೀಸಿದೆಯೋ ಏನೋ, ಕ್ವಿಲ್ಟ್ ಹೊಲಿಯುವವರ ಮನೆಗೆ ಹೋದರೆ ಕಪಾಟು ತೋರಿಸದೆ ಬಿಡುವುದಿಲ್ಲ. ಆಮ್ಲವಿಲ್ಲದ ಕಾಗದ, ಆಮ್ಲವಿಲ್ಲದ ಪೆಟ್ಟಿಗೆ. ಮಡಿಕೆಯ ಗೆರೆ ಒಂದೇ ಕಡೆ ಬಿದ್ದು ಬಟ್ಟೆ ಸೀಳಬಾರದೆಂದು ಆಗಾಗ ಬಿಚ್ಚಿ ಬೇರೆ ಥರ ಮಡಿಸುತ್ತಾರೆ. ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆಂದು ಕಿಟಕಿಗೆ ಪರದೆ. ಕೆಲವರ ಮನೆಯಲ್ಲಿ ಯಾರೂ ಮೈಮೇಲೆ ಎಳೆದುಕೊಳ್ಳದ ಕ್ವಿಲ್ಟುಗಳೇ ಹೆಚ್ಚು.

ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಕೌದಿ ಹೊಲಿಯುವವರು ಅತ್ತಿಗೆ. ತವರು ಹಾನಗಲ್ ಕಡೆ. ಮದುವೆಯಾಗಿ ಬಂದಾಗ ಕೊಡಗಿನ ಚಳಿಗೆ ಬೈಯುತ್ತ ಶುರುಮಾಡಿದ ಕೆಲಸ ಇನ್ನೂ ನಿಂತಿಲ್ಲ. ಹಳೇ ಪಂಚೆ, ಹರಿದ ಕಾಟನ್ ಸೀರೆಗಳನ್ನು ನೆಲದ ಮೇಲೆ ಪದರ ಪದರ ಹಾಸಿ, ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಚೌಕಟ್ಟಿಲ್ಲ, ಗುರುತು ಹಾಕಿದ ಗೆರೆಯಿಲ್ಲ. ಆದರೂ ಎರಡು ಸಾಲಿನ ನಡುವಿನ ಅಂತರ ಎಲ್ಲೂ ಒಂದು ಬೆರಳು ದಾಟಿದ್ದು ನಾನು ಕಂಡಿಲ್ಲ. ವರ್ಷ ವರ್ಷ ರಾಶಿ ಏರುತ್ತಿದೆ, ಕಪಾಟು ಮಾತ್ರ ಇದ್ದಷ್ಟೇ ಇದೆ.

ಊರಿಗೆ ಹೋದಾಗ ಲಿಂಕನ್ನಿನ ಪಾಠವನ್ನೆಲ್ಲ ಅಲ್ಲಿ ಒಪ್ಪಿಸಬಹುದಿತ್ತು. ಆದರೆ ಆ ಪಾಠ ಹುಟ್ಟಿದ್ದು ಬೇರೆ ಗಾಳಿಯಲ್ಲಿ. ಇಲ್ಲಿ ಚಳಿಗಾಲ ಪೂರ್ತಿ ಹೀಟರ್ ಉರಿದು ಮನೆಯೊಳಗಿನ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ಬಟ್ಟೆಗೆ ಶತ್ರು ಬೆಳಕು ಮತ್ತು ಮಡಿಕೆ. ಕೊಡಗಿನಲ್ಲಿ ಶತ್ರು ಬೂಷ್ಟು. ಜೂನ್‌ನಲ್ಲಿ ಮಳೆ ಹಿಡಿದರೆ ಚಪ್ಪಲಿ, ಬೆಲ್ಟು, ಬಾಗಿಲ ಹಿಂದೆ ತೂಗುಹಾಕಿದ ಕೋಟು ಎಲ್ಲಕ್ಕೂ ಹಸಿರು ಬಿಳಿ ಪುಡಿ ಬಳಿಯುತ್ತದೆ. ಗಾಳಿಯ ತೇವ ಶೇಕಡಾ 65–70 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಬೇರೇನೂ ಬೇಕಿಲ್ಲ. ಆರೇಳು ಪದರದ ಹತ್ತಿ ಕೌದಿ ಒಮ್ಮೆ ಥಂಡಿ ಹೀರಿದರೆ ಆಟಿ ತಿಂಗಳ ಮಳೆಯಲ್ಲಿ ಒಣಗುವ ಮಾತೇ ಇಲ್ಲ.

ಹಳೇ ಹೆಂಚಿನ ಮನೆಗೆ ಇದಕ್ಕೊಂದು ಉಪಾಯ ಗೊತ್ತಿತ್ತು. ಕೌದಿ ಕಂಬಳಿಗಳೆಲ್ಲ ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಕೆಳಗೆ ದಿನವಿಡೀ ಸೌದೆ ಒಲೆ, ಬಿಸಿ ಮತ್ತು ಹೊಗೆ ಮೇಲೇರಿ ಹೆಂಚಿನ ಸಂದಿಯಿಂದ ಹೊರಗೆ. ಬಟ್ಟೆ ಹೊಗೆ ವಾಸನೆ ಹೊಡೆಯುತ್ತಿತ್ತು ನಿಜ, ಹುಳವೂ ಬರುತ್ತಿರಲಿಲ್ಲ, ಬೂಷ್ಟೂ ಬರುತ್ತಿರಲಿಲ್ಲ. ಈಗ ಗ್ಯಾಸ್ ಬಂತು, ಆರ್‌ಸಿಸಿ ಬಂತು, ಹೊರಗೋಡೆಗೆ ಅಂಟಿಸಿದ ವಾರ್ಡ್‌ರೋಬ್ ಬಂತು. ಮಳೆಗೆ ಬೆವರುವ ಗೋಡೆಗೇ ಬಟ್ಟೆಯ ಬೆನ್ನು. ಹೊಸ ಮನೆ ಕಟ್ಟುವವರಿಗೆ ನಾನು ಹೇಳುವುದಿಷ್ಟೇ: ಹೊದಿಕೆಯ ಕಪಾಟು ಒಳಗೋಡೆಗಿರಲಿ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಥಂಡಿ ಹೋಗಲೆಂದು ಕಪಾಟಿನೊಳಗೆ ಬಲ್ಬ್ ಉರಿಸುವವರಿಗೆ ಎಲ್‌ಇಡಿ ಪ್ರಯೋಜನವಿಲ್ಲ, ಅದಕ್ಕೆ ಕಾವಿಲ್ಲ. ಹಳೇ ಬುರುಡೆ ಬಲ್ಬೇ ಬೇಕು, ಅದೂ ಬಟ್ಟೆಗೆ ತಾಗದ ಹಾಗೆ.

ಇನ್ನು ಅಂಗಡಿಯಿಂದ ಬ್ಲಾಂಕೆಟ್ ತಂದಾಗ ಬರುವ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಇದನ್ನು ಎಸೆಯಲು ನಮ್ಮವರಿಗೆ ಮನಸ್ಸು ಬಾರದು. ಮೋಡದ ದಿನ ಕೌದಿ ಅದರೊಳಗೆ ಹೋಯಿತೆಂದರೆ ಥಂಡಿಯನ್ನೂ ಜೊತೆಗೆ ಕಟ್ಟಿಟ್ಟ ಹಾಗೆ. ಒಗೆದ ಹಳೇ ಪಂಚೆಯಲ್ಲಿ ಸುತ್ತಿಡಿ, ಸಾಕು. ನುಸಿಗುಳಿಗೆಯಂತೂ ಹತ್ತಿಯ ಕೌದಿಗೆ ದಂಡ. ಉಣ್ಣೆ, ರೇಷ್ಮೆ ತಿನ್ನುವ ಹುಳಕ್ಕೆ ಅದು, ಬೂಷ್ಟಿಗಲ್ಲ.

ಇಷ್ಟೆಲ್ಲ ಮಾಡಿದರೂ ಕೊನೆಗೆ ಬಿಸಿಲಿಗೇ ಶರಣಾಗಬೇಕು. ಬಿಸಿಲಿರುವಾಗ ಕಣ ಖಾಲಿ ಇರುವುದಿಲ್ಲ, ಅದು ನಮ್ಮ ಕಡೆಯ ಫಜೀತಿ. ಅರೇಬಿಕಾ ಕಾಫಿ ಮುಗಿಯಿತು ಎನ್ನುವಷ್ಟರಲ್ಲಿ ರೊಬಸ್ಟಾ ಕಾಫಿ, ಮಧ್ಯೆ ಮೆಣಸು. ಕಾಫಿ ಹಣ್ಣು ಒಣಗುವ ಕಣದ ಮೂಲೆಯಲ್ಲಿ ಕೌದಿ ಹರವಿದರೆ ಸಿಪ್ಪೆಯ ಕಲೆ, ಧೂಳು. ಅಣ್ಣನ ಗೊಣಗಾಟ ಬೇರೆ. ಕಣ ತೆರವಾಗುವ ಹೊತ್ತಿಗೆ ಮಧ್ಯಾಹ್ನದ ಮೇಲೆ ಗುಡುಗು. ಸಿಗುವುದು ಮಾರ್ಚ್, ಏಪ್ರಿಲ್‌ನ ಕೆಲವು ಬೆಳಗುಗಳು. ಅಷ್ಟರಲ್ಲಿ ಎಷ್ಟು ಕೌದಿ ತಿರುವಿ ಮುರುವಿ ಒಣಗಿಸಲಾಗುತ್ತದೋ ಅಷ್ಟೇ ಆ ಮನೆಗೆ ತಕ್ಕ ಸಂಗ್ರಹ, ಅದಕ್ಕಿಂತ ಹೆಚ್ಚಾದದ್ದು ಬೂಷ್ಟಿನ ಪಾಲು ಎಂಬುದು ನನ್ನ ಲೆಕ್ಕ. ಕುಶಾಲನಗರದವರು ಇದಕ್ಕೆ ನಕ್ಕಾರು, ಅವರಿಗೆ ಬಿಸಿಲು ಧಾರಾಳ. ಭಾಗಮಂಡಲದವರು ನಗಲಾರರು.

ಹೆಚ್ಚಾದದ್ದನ್ನು ಏನು ಮಾಡುವುದು? ಹಾಸಿ, ಹೊದೆಯಿರಿ, ಕೊಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರ ಸೇರಿದಾಗ ನಮ್ಮ ಮನೆಯಿಂದಲೂ ಹೊದಿಕೆ ಹೋಯಿತು. ಕೊಡುವ ಸ್ಥಿತಿಯಲ್ಲಿದ್ದವು ಮಂಚದ ಮೇಲೆ ಬಳಕೆಯಲ್ಲಿದ್ದವೇ, ಕಟ್ಟಿಟ್ಟವು ಮುಗ್ಗಲು. ಲಿಂಕನ್ನಿನ ಜಾಣೆಯರೂ ಅತಿಥಿಗಳ ಮಂಚದ ಮೇಲೆ ಕ್ವಿಲ್ಟುಗಳನ್ನು ಮಡಿಸದೆ ಒಂದರ ಮೇಲೊಂದು ಹಾಸಿ, ಮೇಲೆ ಬೆಡ್‌ಶೀಟ್ ಮುಚ್ಚಿಡುತ್ತಾರೆ. ಅತ್ತಿಗೆಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ನಾನು ಊರಿಗೆ ಹೋದಾಗ ಮಲಗುವುದೇ ಅಂಥ ರಾಶಿಯ ಮೇಲೆ, ಮಂಚ ಹತ್ತಲು ಸ್ಟೂಲು ಬೇಕಾದೀತು.

ಒಂದು ವಿಷಯದಲ್ಲಿ ಮಾತ್ರ ಅಮೆರಿಕದವರ ಪದ್ಧತಿಯೇ ಮೇಲೆಂದು ನನ್ನ ವಾದ. ಕ್ವಿಲ್ಟಿನ ಹಿಂಬದಿಯ ಮೂಲೆಗೆ ಒಂದು ಬಟ್ಟೆಚೂರು ಹೊಲಿದು, ಹೊಲಿದವರ ಹೆಸರು, ಊರು, ಇಸವಿ ಬರೆಯುತ್ತಾರೆ. ನಮ್ಮಲ್ಲಿ ಅದೆಲ್ಲ ಬಾಯಲ್ಲೇ. ಈ ನೀಲಿ ಅಮ್ಮನ ಸೀರೆ, ಈ ಗೀಟಿನದು ಅಪ್ಪನ ಷರಟು ಎಂದು ಅತ್ತಿಗೆಗೆ ಗೊತ್ತು, ನನಗೆ ಅರ್ಧ ಗೊತ್ತು, ಮಕ್ಕಳಿಗೆ ಏನೂ ಗೊತ್ತಿಲ್ಲ. ಹೇಳಿದರೆ ಅತ್ತಿಗೆಯ ಉತ್ತರ ಸಿದ್ಧ: "ಹೆಸರ ಬರದ್ರ ಯಾರ ಹೊಚ್ಕೋತಾರ ತಮ್ಮಾ? ಛಲೋ ಅದ ಅಂತ ತಗದ ಇಡ್ತಾರ." ಲಿಂಕನ್ನಿನ ಕಪಾಟುಗಳನ್ನು ನೋಡಿದ ನನಗೆ ಅದನ್ನು ಪೂರ್ತಿ ಅಲ್ಲಗಳೆಯಲು ಬಾಯಿಲ್ಲ. ಆದರೂ ಒಪ್ಪಿಲ್ಲ. ಹೋದ ಸಲ ಚೌಕಾಸಿ ಮಾಡಿ ಇಲ್ಲಿಗೆ ಬಂದು ನಿಂತಿದ್ದೇವೆ: ಹೊಲಿದವರ ಹೆಸರು ಬೇಡ, ಸೀರೆ ಉಟ್ಟವರದ್ದು ಇರಲಿ, ಅದೂ ಮಸಿಯಲ್ಲಲ್ಲ, ದಾರದಲ್ಲಿ. ಇಸವಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ.