ಕಾಲು ಕೈಕೊಟ್ಟಾಗ

ಮೆಟ್ಟಿಲು ಮುಗಿಯಿತು ಅಂದುಕೊಂಡೆ. ಇನ್ನೊಂದು ಬಾಕಿ ಇತ್ತು. ಆ ಒಂದರ ಲೆಕ್ಕ ತಪ್ಪಿದ್ದಕ್ಕೆ ಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು. "ಈ ಕಾಲು ಸದ್ಯಕ್ಕೆ ನೆಲಕ್ಕೆ ಊರಬೇಡಿ" ಅಂದರು ಡಾಕ್ಟರು. ಕಾಲು ಕೈಕೊಡುವುದು ಅಂದರೆ ಇದೇ ಇರಬೇಕು.

ನನ್ನ ಕಣ್ಣಿಗೆ ಊರುಗೋಲು ಅಂದರೆ ಕಂಕುಳಿಗೆ ಸಿಕ್ಕಿಸಿಕೊಳ್ಳುವುದು. ಅದರ ಮೇಲೆ ಜೋತುಬಿದ್ದರೆ ಕಂಕುಳಿನ ನರ ಅದುಮಿ ಕೈ ಜೋಮು ಹಿಡಿಯುತ್ತದಂತೆ. ಹಾಗಾಗಿ ಮುಂಗೈಗೆ ಹಾಕಿಕೊಳ್ಳುವ ಎಲ್ಬೋ ಕ್ರಚಸ್ ಬಂದವು. ಅದರಲ್ಲೂ ಎರಡು ಥರ. ಮುಂಗೈ ಹಿಡಿಯುವ ಪಟ್ಟಿ ಬಾಯಿ ತೆರೆದಿದ್ದರೆ ಕೈ ಬೇಗ ಹೊರಗೆ ಬರುತ್ತದೆ, ಆದರೆ ಹಿಡಿ ಬಿಟ್ಟರೆ ಕೋಲೂ ಬಿದ್ದೀತು. ಬಳೆಯ ಹಾಗೆ ಸುತ್ತಿಕೊಂಡಿದ್ದರೆ ಹಿಡಿ ಬಿಟ್ಟರೂ ಕೋಲು ತೋಳಿಗೇ ನೇತಾಡುತ್ತದೆ. ನಾನು ತೆರೆದದ್ದನ್ನೇ ಆರಿಸಿದೆ. ನೋಡೋಕೆ ಚೆನ್ನಾಗಿತ್ತು, ಅಷ್ಟೇ ಕಾರಣ.

ಎತ್ತರ ಹೊಂದಿಸುವ ಕೆಲಸವನ್ನೂ ನಾನೇ ಮಾಡಿದೆ. ಗುಂಡಿ ಒತ್ತಿ, ಕೊಳವೆ ಎಳೆದು, 'ಟಕ್' ಅನ್ನಿಸಿದರೆ ಆಯ್ತು, ಅಲ್ವಾ? ಎರಡೇ ದಿನಕ್ಕೆ ಹೆಗಲು ಕಿವಿ ಮುಟ್ಟಿತು. ವ್ಯಾಯಾಮ ಚಿಕಿತ್ಸೆ ಕೊಡುವ ಫಿಸಿಯೋ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸಾರ್, ಯಾರ ಅಳತೆಗೆ ಮಾಡಿದ್ದೀರಿ ಇದನ್ನ?"

ದಿನಾ ಹಾಕುವ ಶೂ ಹಾಕಿಕೊಂಡು, ಕೈ ಸುಮ್ನೆ ಇಳಿಬಿಟ್ಟು ನಿಲ್ಲಬೇಕಂತೆ. ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಚೂರು ಮಡಚಿರಬೇಕು. ಪಟ್ಟಿ ಮೊಣಕೈಗಿಂತ ಒಂದೆರಡು ಬೆರಳು ಕೆಳಗಿರಬೇಕು. ನಾನು ಬರಿಗಾಲಲ್ಲಿ, ಒಂಟಿಕಾಲಲ್ಲಿ, ಗೋಡೆಗೆ ಒರಗಿಕೊಂಡು ಅಳೆದಿದ್ದೆ.

ಅಳತೆ ಸರಿಹೋಯಿತು. ಆಗಲೇ ನಿಜ ಗೊತ್ತಾದದ್ದು. ಮುರಿದದ್ದು ಒಂದು ಕಾಲು, ಕಳೆದುಕೊಂಡದ್ದು ಎರಡು ಕೈ! ಒಂದು ಲೋಟ ನೀರು ಅಡುಗೆಮನೆಯಿಂದ ಕೋಣೆಗೆ ತರುವುದು ನನ್ನಿಂದಾಗಲಿಲ್ಲ. ಚೀಲವನ್ನು ಹಲ್ಲಲ್ಲಿ ಕಚ್ಚಿಕೊಂಡು ಬಂದೆ. ಅದೇ ಹೊತ್ತಿಗೆ ಹೆಂಡತಿ ಏನೋ ಕೇಳಿದಳು, ಉತ್ತರ ಕೊಡಲು ಬಾಯಿ ಬಿಟ್ಟೆ. ಚೀಲದಲ್ಲಿ ಅವಳ ಕನ್ನಡಕ ಇತ್ತು. ಮರುದಿನದಿಂದ ಬೆನ್ನಿಗೆ ಬ್ಯಾಗು, ಬ್ಯಾಗಿನಲ್ಲಿ ಮುಚ್ಚಳದ ಬಾಟಲಿ. ಮನೆಯೊಳಗೇ ಚಾರಣ ಹೊರಟವನ ಹಾಗೆ ಓಡಾಡಿದೆ.

ಕೋಲುಗಳ ಇನ್ನೊಂದು ಚಾಳಿ ಬೀಳುವುದು. ಗೋಡೆಗೆ ಒರಗಿಸಿದರೆ ಮೆಲ್ಲಗೆ ಜಾರುತ್ತವೆ, ನಾವು ಆರಾಮಾಗಿ ಕೂತ ಮೇಲೆ. ಒಂದನ್ನು ಎತ್ತಲು ಬಗ್ಗಿದರೆ ಇನ್ನೊಂದಕ್ಕೂ ಬೇಜಾರು, ಅದೂ ಬೀಳುತ್ತದೆ. ಮಧ್ಯರಾತ್ರಿ ಅಲ್ಯೂಮಿನಿಯಂ ನೆಲಕ್ಕೆ ಬಿದ್ದ ಸದ್ದಿಗೆ ಕೆಳಗಿನ ಮನೆಯವರೂ ಎದ್ದರು.

ಮೆಟ್ಟಿಲಿನ ಪಾಠವೂ ಆಯಿತು. ಹತ್ತುವಾಗ ಒಳ್ಳೆ ಕಾಲು ಮೊದಲು, ಆಮೇಲೆ ಕೆಟ್ಟ ಕಾಲು, ಕೋಲು. ಇಳಿಯುವಾಗ ಕೋಲು, ಕೆಟ್ಟ ಕಾಲು ಮೊದಲು. ಬಾಯಿಪಾಠ ಮಾಡಿಕೊಂಡು ಅರ್ಧ ಇಳಿದಿದ್ದೆ. ಎದುರಿಗೆ ಬಂದವರೊಬ್ಬರು "ಯಾವ ಕಾಲು?" ಅಂತ ಕೇಳಿಬಿಟ್ಟರು. ಅವರು ಕೇಳಿದ್ದು ಯಾವುದಕ್ಕೆ ಏಟು ಅಂತ. ನನಗೆ ಮಾತ್ರ ಈಗ ಯಾವುದನ್ನು ಇಡಬೇಕು ಅನ್ನುವುದೇ ಮರೆತುಹೋಯಿತು. ಕೊನೆಗೆ ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರಿದೆ. ಮಗುವಾಗಿದ್ದಾಗ ಕಲಿತ ವಿದ್ಯೆ, ಇನ್ನೂ ಬರುತ್ತೆ.

(ಕೋಲಿನ ತುದಿಯ ರಬ್ಬರ್ ಮಾತ್ರ ಆಗಾಗ ತಿರುಗಿಸಿ ನೋಡಿ. ಸವೆದು ನುಣ್ಣಗಾದರೆ ಬದಲಿಸಿ. ಒದ್ದೆ ಬಚ್ಚಲಿನಲ್ಲಿ ನನ್ನದು ಒಮ್ಮೆ ಸರ್ರನೆ ಹೋಯಿತು. ಬಾಗಿಲು ಸಿಕ್ಕಿದ್ದಕ್ಕೆ ಈ ಬರಹ ಬರೆಯುತ್ತಿದ್ದೇನೆ.)

ವಾರಗಳು ಕಳೆದು ಒಂದೇ ಕೋಲು ಸಾಕು ಅಂದರು. ನಾನು ಏಟು ಬಿದ್ದ ಕಡೆಯೇ ಹಿಡಿದುಕೊಂಡೆ. "ಆ ಕೈಲಲ್ಲ ಸಾರ್, ಎದುರು ಕೈಲಿ" ಅಂದರು ಫಿಸಿಯೋ. ನಡೆಯುವಾಗ ಒಂದು ಕಾಲಿನ ಜೊತೆ ಎದುರು ಕೈ ಮುಂದೆ ಹೋಗುತ್ತದಲ್ಲ, ಹಾಗೇ ಇದೂ. ಏನಾದರಾಗಲಿ, ಒಂದು ಕೈ ವಾಪಸ್ ಬಂತು.

ಅವತ್ತು ಸಂಜೆ ಅಡುಗೆಮನೆಗೆ ಹೋದೆ. ಲೋಟ ತುಂಬಿಸಿದೆ. ಒಂದು ಹನಿಯೂ ಚೆಲ್ಲದೆ ಕೋಣೆಗೆ ತಂದು, ಮೇಜಿನ ಮೇಲಿಟ್ಟು, ರಾಜನ ಹಾಗೆ ಕೂತೆ.

ಒಳಗಿನಿಂದ ಹೆಂಡತಿ ಕೂಗಿದಳು: "ರೀ, ನಿಮ್ಮ ಕೋಲು ಇಲ್ಲೇ ಇದೆಯಲ್ಲ!"