ಹಾಡು ಅವೇ, ಡಬ್ಬಿ ಹೊಸದು

ಆ ಜಾಹೀರಾತು ನಿಮಗೂ ಬಂದಿರಬೇಕು. ಹಳೆಯ ಕನ್ನಡ ಸಿನಿಮಾ ಹಾಡುಗಳ ‘ಸುವರ್ಣ ಸಂಪುಟ’. ಎರಡು ಎಲ್‌ಪಿ (ಹಳೇ ಕಾಲದ ಗ್ರಾಮಫೋನ್ ತಟ್ಟೆ), 24 ಹಾಡು, 3,499 ರೂಪಾಯಿ. ನನ್ನ ಅಕ್ಕನ ಮಗ ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕೆಳಗೆ ಬರೆದಿದ್ದ: ‘ಮಾಮಾ, ಇದು ನಿಮ್ಮ ಸಲುವಾಗೇ ಮಾಡ್ಯಾರ ನೋಡ್ರಿ.’

ನನ್ನ ಸಲುವಾಗೇ ಹೌದು. ಪಟ್ಟಿ ನೋಡಿದೆ. 24ರಲ್ಲಿ 23 ಹಾಡು ನನ್ನ ಹತ್ತಿರ ಆಗಲೇ ಇವೆ. ಕೆಲವು ಮೂರು ಸಲ ಇವೆ. ಮೊದಲು ಸಿನಿಮಾದ ಕ್ಯಾಸೆಟ್, ಆಮೇಲೆ ‘ಮಧುರ ಗೀತೆಗಳು’ ಅಂತ ಒಂದು ಸಿ.ಡಿ., ಅದಾದ ಮೇಲೆ ಪೆನ್‌ಡ್ರೈವ್. ಒಂದು ಹಾಡನ್ನಂತೂ ಐದು ಸಲ ಕೊಂಡಿದ್ದೇನೆ. ಹೀಗೆ ಹಾಕಿದ ದುಡ್ಡೆಲ್ಲ ಕೂಡಿಸಿದ್ದರೆ ಮನೆಗೆ ಒಂದು ಚೀಲ ಜೋಳ ಬರುತ್ತಿತ್ತು.

ಉಳಿದಿದ್ದು ಇಪ್ಪತ್ನಾಲ್ಕನೆಯದು. ಅದರ ಮುಂದೆ ಬಂಗಾರದ ಅಕ್ಷರದಲ್ಲಿ ‘ಇದುವರೆಗೆ ಯಾರೂ ಕೇಳಿರದ ಧ್ವನಿಮುದ್ರಣ’ ಅಂತಿದೆ. ಹೊಸ ಹಾಡೇನಲ್ಲ. ಐದು ಸಲ ಕೊಂಡಿದ್ದೆನಲ್ಲ, ಅದೇ ಹಾಡು. ರಿಹರ್ಸಲ್‌ನದು. ಜಾಹೀರಾತಿನಲ್ಲಿ ಹತ್ತು ಸೆಕೆಂಡ್ ಕೇಳಿಸುತ್ತಾರೆ. ಗಾಯಕರು ಕೆಮ್ಮುತ್ತಾರೆ. ಆಮೇಲೆ ‘ಇನ್ನೊಮ್ಮೆ ತಗೊಳ್ಳೋಣ’ ಅನ್ನುತ್ತಾರೆ. ಪಾಪ, ಅವರು ಹೇಳಿದ್ದು ಟೇಕ್ ಬಗ್ಗೆ. ಕಂಪನಿಯವರಿಗೆ ಅದು ಗಿರಾಕಿಗೆ ಹೇಳಿದ ಹಾಗೆ ಕೇಳಿಸಿದೆ.

ಈ ಬುದ್ಧಿಗೆ ಕೈ ಮುಗಿಯಬೇಕು. ಹೊಸದಾಗಿ ಹಾಡು ಕೇಳೋಕೆ ಶುರು ಮಾಡಿದ ಹುಡುಗನಿಗೆ ಇಂಥ ಸಂಗ್ರಹ ಒಳ್ಳೆಯದೇ. ಒಬ್ಬ ಗಾಯಕನ ರುಚಿ ಹತ್ತಿಸೋಕೆ ಹನ್ನೆರಡು ಹಾಡು ಸಾಕು. ಆದರೆ ಆ ಹುಡುಗ ದುಡ್ಡು ಕೊಡೋದಿಲ್ಲ, ಮೊಬೈಲ್‌ನಲ್ಲಿ ಸುಮ್ನೆ ಕೇಳುತ್ತಾನೆ. ದುಡ್ಡು ಕೊಡೋ ಚಟ ಇರೋದು ನನ್ನಂಥವರಿಗೆ. ನಮ್ಮ ಹತ್ತಿರ ಎಲ್ಲಾ ಇದೆ. ಎಲ್ಲಾ ಇರೋನಿಗೆ ಏನು ಮಾರೋದು? ಕೆಮ್ಮು.

ಇದು ಇವತ್ತಿನ ಕಥೆ ಅಲ್ಲ ಬಿಡಿ. 1958ರಲ್ಲಿ ಅಮೆರಿಕದಲ್ಲಿ ಜಾನಿ ಮ್ಯಾಥಿಸ್ ಅನ್ನೋ ಗಾಯಕ ಊರಲ್ಲಿರಲಿಲ್ಲ, ಹೊಸ ಹಾಡು ತಯಾರಿರಲಿಲ್ಲ. ಕಂಪನಿಯವರು ಹಳೆಯ ಹಾಡುಗಳನ್ನೇ ಕೂಡಿಸಿ ‘ಗ್ರೇಟೆಸ್ಟ್ ಹಿಟ್ಸ್’ ಅಂತ ಹೆಸರಿಟ್ಟು ಬಿಟ್ಟರು. ಅದು ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ 490 ವಾರ ಕೂತಿತ್ತು. ಒಂಬತ್ತು ವರ್ಷದ ಮೇಲಾಯಿತು! ರಾತ್ರಿ ಉಳಿದ ಅನ್ನಕ್ಕೆ ಮುಂಜಾನೆ ಒಗ್ಗರಣೆ ಹಾಕೋದು ನಮ್ಮ ಮನೆಯಲ್ಲೂ ಇದೆ. ಯಾರೂ 490 ವಾರ ಹೊಗಳಿಲ್ಲ.

ಅಲ್ಲಿಯದೇ ಈಗಲ್ಸ್ ಅನ್ನೋ ರಾಕ್ ತಂಡದ್ದು ಇನ್ನೂ ಮಜಾ. ಅವರ ಹಿಟ್ ಸಂಗ್ರಹ ಬಂದಿದ್ದು 1976ರ ಫೆಬ್ರವರಿಯಲ್ಲಿ. 2018ರ ಲೆಕ್ಕದಲ್ಲಿ ಅದು ಅಮೆರಿಕದಲ್ಲಿ 38 ಸಲ ಪ್ಲಾಟಿನಂ (ಒಂದು ಪ್ಲಾಟಿನಂ ಅಂದರೆ ಹತ್ತು ಲಕ್ಷ ಪ್ರತಿ) ಆಗಿ, ಮೈಕಲ್ ಜಾಕ್ಸನ್‌ನ ಥ್ರಿಲ್ಲರ್ ಆಲ್ಬಮನ್ನೂ ಹಿಂದೆ ಹಾಕಿತು. ಆದರೆ ಈಗಲ್ಸ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಅದರಲ್ಲಿ ಇಲ್ಲವೇ ಇಲ್ಲ. ಆ ಆಲ್ಬಮ್ ಬಂದಿದ್ದೇ ಅದೇ ವರ್ಷದ ಡಿಸೆಂಬರ್‌ನಲ್ಲಿ. ಮದುವೆ ಊಟ ಮುಗಿದ ಮೇಲೆ ಮದುಮಗ ಬಂದ ಹಾಗೆ.

ಹಾಡು ಅವೇ, ಡಬ್ಬಿ ಹೊಸದು. ಇದನ್ನು ಕಲಬುರಗಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ, ಕಲಬುರಗಿ ಅನ್ನೋಕೆ ಬಾಯಿಗೂ ಹಿತ. ಆದರೆ ರೀಮಾಸ್ಟರ್ ಮಾಡಿ ದನಿ ತಿದ್ದಿದ ಮೇಲೂ ಸೂಜಿ ಹಳೇ ಜಾಗದಲ್ಲೇ ಎಗರುತ್ತಿದೆ. ಪ್ರತಿ ಚುನಾವಣೆಗೆ ನಮ್ಮ ಕಡೆ ಒಂದು ಹಿಟ್ ಸಂಗ್ರಹ ಬಿಡುಗಡೆ ಆಗುತ್ತೆ. ಎ ಸೈಡ್‌ನಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನದ 371(ಜೆ), ತೊಗರಿಗೆ ಒಳ್ಳೇ ಬೆಲೆ. ಬಿ ಸೈಡ್‌ನಲ್ಲಿ ರೈಲ್ವೆ ವಿಭಾಗ. ಆ ವಿಭಾಗದ ಅಡಿಗಲ್ಲು ಬಿದ್ದು ಹತ್ತು ವರ್ಷದ ಮೇಲಾಯಿತು. ನಾವೂ ಪ್ರತಿ ಸಲ ತಲೆದೂಗಿ ಕೇಳುತ್ತೇವೆ. ಯಾಕಂದರೆ ಸಾಹಿತ್ಯ ಬಾಯಿಪಾಠ ಆಗಿದೆ.

ನಿಜವಾದ ಹಿಟ್ ಸಂಗ್ರಹ ನನ್ನ ಹತ್ತಿರ ಒಂದಿತ್ತು. ಆಗ ಸೂಪರ್ ಮಾರ್ಕೆಟ್ ಕಡೆ ಒಂದು ಕ್ಯಾಸೆಟ್ ಅಂಗಡಿ. ಲಗ್ನಪತ್ರಿಕೆಯ ಹಿಂಬದಿಯಲ್ಲಿ ಹಾಡುಗಳ ಪಟ್ಟಿ ಬರೆದು ಕೊಟ್ಟರೆ ಖಾಲಿ ಕ್ಯಾಸೆಟ್‌ನಲ್ಲಿ ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್. ಒಂದು ಬದಿಗೆ ಮೂವತ್ತು ನಿಮಿಷ, ಆರೋ ಏಳೋ ಹಾಡು. ಯಾವುದು ಮೊದಲು, ಯಾವುದು ಕೊನೆಗೆ ಅಂತ ನಾನು ಮೂರು ದಿನ ತಲೆ ಕೆಡಿಸಿಕೊಂಡಿದ್ದೆ. ತರೋಕೆ ಹೋದಾಗ ಅಂಗಡಿಯವರು ಹೇಳಿದರು: ‘ಬಿ ಸೈಡಿನ್ಯಾಗ ಮೂರು ಮಿನಿಟ್ ಜಾಗಾ ಉಳಿದಿತ್ರಿ. ನನ್ನ ಪಸಂದ್ ಒಂದು ಹಾಕೀನಿ.’

ಅದೊಂದು ಖವ್ವಾಲಿ. ಬಂದೇ ನವಾಜ್ ಉರುಸಿನಲ್ಲಿ ಅವರೇ ಟೇಪ್ ಮಾಡಿಕೊಂಡಿದ್ದಂತೆ. ಚಪ್ಪಾಳೆ ಏರಿ ಏರಿ, ಗಾಯಕ ದನಿ ಎತ್ತಿ, ಇನ್ನೇನು ಆ ಸಾಲು ಪೂರ್ತಿ ಆಗಬೇಕು, ಟಪ್ ಅಂತ ಟೇಪ್ ಮುಗಿಯುತ್ತಿತ್ತು. ಆ ಸಾಲಿನ ಉಳಿದ ಅರ್ಧ ನನಗೆ ಇವತ್ತಿಗೂ ಗೊತ್ತಿಲ್ಲ. ಪಟ್ಟಿ ಬರೆದು ಆರಿಸಿದ ಹಾಡುಗಳಲ್ಲಿ ಅರ್ಧ ಮರೆತಿದ್ದೇನೆ. ಅದು ಮಾತ್ರ ಸ್ನಾನದ ಮನೆಯಲ್ಲಿ ಈಗಲೂ ಬಾಯಿಗೆ ಬರುತ್ತೆ, ಅದೇ ಜಾಗದಲ್ಲಿ ನಿಲ್ಲುತ್ತೆ. ಬೋನಸ್ ಅಂದರೆ ಅದು ಅಲ್ವಾ? ಅದಕ್ಕೆ ಅವರು ಒಂದು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ.

ಸರಿ, ಸುವರ್ಣ ಸಂಪುಟಕ್ಕೆ ಬರೋಣ. ಡಬ್ಬಿಯ ಹಿಂಬದಿಯ ಫೋಟೊ ದೊಡ್ಡದು ಮಾಡಿ ನೋಡಿದೆ. ಹಾಡಿನ ಮೊದಲ ಸಾಲು, ಸಿನಿಮಾ ಹೆಸರು, ಗಾಯಕರ ಹೆಸರು. ಅಷ್ಟೇ. ಬರೆದವರು ಯಾರು? ಇಲ್ಲ. ರಾಗ ಹಾಕಿದವರು? ಇಲ್ಲ. ವರ್ಷ? ಇಲ್ಲ. ಆ ಮೂರನೇ ಹಾಡಿನಲ್ಲಿ ಕೊಳಲು ಊದಿದ ಪುಣ್ಯಾತ್ಮ ಯಾರು ಅಂತ ನಾನು ನಲವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ನಿಜವಾದ ಅಭಿಮಾನಿಗೆ ಬೇಕಾಗಿರೋದು ಅದು. ಬಂಗಾರದ ಅಕ್ಷರ ಯಾರಿಗೆ ಬೇಕು? ಇಷ್ಟು ದುಡ್ಡು ತಗೊಂಡು ಒಂದು ಹಾಳೆ ಅಚ್ಚು ಹಾಕೋಕಾಗಲಿಲ್ವಾ?

ಕಡಕೋಳ ಮಡಿವಾಳಪ್ಪನ ತತ್ವಪದ ಹಾಡೋ ಮುದುಕರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಮಾವಾಸ್ಯೆಯ ಭಜನೆಗೆ ಏಕತಾರಿ, ದಮ್ಮಡಿ, ತಾಳ ಹಿಡಿದು ಕೂತರೆ ಬೆಳಗಾಗೋವರೆಗೆ ಏಳೋದಿಲ್ಲ. ಯಾವುದು ಹಿಟ್, ಯಾವುದು ಅಲ್ಲ ಅಂತ ಅಲ್ಲಿ ಯಾರೂ ಕೇಳೋದಿಲ್ಲ, ನೆನಪಿಗೆ ಬಂದಿದ್ದೆಲ್ಲ ಹಾಡುತ್ತಾರೆ. ಒಬ್ಬೊಬ್ಬರು ಹೋದ ಹಾಗೆ ಅವರ ಜೊತೆ ಹತ್ತಾರು ಪದ ಹೋಗುತ್ತಿವೆ. ಒಂದು ಒಳ್ಳೇ ಮೈಕ್ ಹಿಡಿದುಕೊಂಡು ಹೋಗಿ ಅವರ ಮುಂದೆ ಒಂದು ರಾತ್ರಿ ಕೂರೋಕೆ ಯಾರಿಗೂ ಪುರುಸೊತ್ತಿಲ್ಲ. ಕೆಮ್ಮಿಗೆ 180 ಗ್ರಾಂ ತೂಕದ ಎಲ್‌ಪಿ. ಬೇಸರ ಆಗುತ್ತೆ ರೀ.

ಇಷ್ಟೆಲ್ಲಾ ಬೈದೆನಲ್ಲ, ತರಿಸಿದೆ.

ಬಂದಿದ್ದು ಮೇ ತಿಂಗಳಲ್ಲಿ. ನಾವು ಮದುವೆಗೆ ಹೋಗಿದ್ದೆವು. ಪಾರ್ಸಲ್ ಎರಡು ದಿನ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತಿತ್ತು. ಕಲಬುರಗಿ ಬಿಸಿಲು ಎಂಥದ್ದು ಅಂತ ಎಲ್‌ಪಿ ಮಾಡಿದವರಿಗೆ ಗೊತ್ತಿರಲಿಲ್ಲ. ಬಿಚ್ಚಿ ನೋಡಿದರೆ ಒಂದು ಎಲ್‌ಪಿಯ ಅಂಚು ಹಂಚಿನ ಮೇಲಿನ ರೊಟ್ಟಿಯ ಹಾಗೆ ಮೇಲೆದ್ದಿತ್ತು. ನನ್ನ ಹೆಂಡತಿ ಅದನ್ನು ಖಡಕ್ ರೊಟ್ಟಿಯ ಬುಟ್ಟಿಯ ಮೇಲೆ ಇಟ್ಟು ನೋಡಿದಳು. ಸರಿಯಾಗಿ ಅದೇ ಅಳತೆ.

‘ಇದನ್ನ ಎಲ್ಲಿ ಹಚ್ತೀರಿ?’ ಅಂದಳು.

ಎಲ್‌ಪಿ ಹಚ್ಚೋ ಪ್ಲೇಯರ್ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಕವರ್ ತೊಡೆಯ ಮೇಲಿಟ್ಟುಕೊಂಡು ಮೊಬೈಲ್‌ನಲ್ಲಿ ಆ ಹಾಡು ಹಚ್ಚಿದೆ. ಮೊದಲ ಚರಣ ಮುಗಿಯಿತು. ನಡುವೆ ಜಾಹೀರಾತು ಬಂತು. ಗಾಯಕರು ಕೆಮ್ಮಿದರು.