ಸ್ಪಷ್ಟನೆ: ಕಾರಿನ ಟೈರಿಗೆ ಡೀಸೆಲ್ ಹಚ್ಚಬೇಡ್ರಿ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: “ಟೈರಿಗೆಲ್ಲ ಡೀಸೆಲ್ ಇಲ್ಲವೇ ಹಳೇ ಎಂಜಿನ್ ಆಯಿಲ್ ಒರೆಸಿ, ಹೊಸದರಂತೆ ಹೊಳೆಯುತ್ತದೆ, ಬಿರುಕೂ ಮುಚ್ಚುತ್ತದೆ.”

ಇದು ತಪ್ಪು. ನಾಲ್ಕು ದಿನ ಹೊಳೆಯುತ್ತದೆ, ನಿಜ. ಆದರೆ ಈ ಎಣ್ಣೆಗಳು ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸಿ ಸಡಿಲ ಮಾಡುತ್ತವೆ. ಗಾಳಿಯಲ್ಲಿನ ಓಝೋನ್ ಅನಿಲದಿಂದ ರಬ್ಬರ್ ಬಿರುಕು ಬಿಡದಿರಲೆಂದು ಟೈರ್ ತಯಾರಿಸುವಾಗಲೇ ಬೆರೆಸಿದ ಮೇಣವನ್ನೂ ಕರಗಿಸುತ್ತವೆ. ಬಿಟ್ಟ ಬಿರುಕನ್ನು ಯಾವ ಪಾಲಿಶೂ ಕೂಡಿಸುವುದಿಲ್ಲ.

“ಟೈರಿಗೆಲ್ಲ” ಎನ್ನುವುದು ಇನ್ನೂ ಅಪಾಯ. ರಸ್ತೆಗೆ ತಾಗುವ ಭಾಗಕ್ಕೆ ಏನನ್ನೂ ಹಚ್ಚಬಾರದು. ಬ್ರೇಕ್ ಒತ್ತಿದಾಗ ಗಾಡಿ ಜಾರುತ್ತದೆ. ಬೈಕಿನ ಟೈರಿಗಂತೂ ಪಕ್ಕಕ್ಕೂ ಬೇಡ, ತಿರುವಿನಲ್ಲಿ ವಾಲಿದಾಗ ಅಂಚೇ ನೆಲಕ್ಕೆ ತಾಗುತ್ತದೆ.

ಹೊಳಪು ಬೇಕೆಂದರೆ ಡಬ್ಬಿಯ ಮೇಲೆ ‘ವಾಟರ್ ಬೇಸ್ಡ್’ ಎಂದು ಬರೆದ ಟೈರ್ ಡ್ರೆಸ್ಸಿಂಗ್ (ಟೈರಿಗೆ ಹಚ್ಚುವ ಪಾಲಿಶ್) ತೊಗೊಳ್ಳಿ. ಮೊದಲು ಬ್ರಷ್ ಹಾಕಿ ಶ್ಯಾಂಪೂವಿನಿಂದ ತೊಳೆಯಿರಿ. ನಮ್ಮ ಎರೆಮಣ್ಣು ಒಂದೇ ಸಲಕ್ಕೆ ಬಿಡುವುದಿಲ್ಲ, ನೊರೆ ಬೆಳ್ಳಗೆ ಬರುವವರೆಗೂ ತಿಕ್ಕಬೇಕು. ಪೂರ್ತಿ ಒಣಗಿದ ಮೇಲೆ ಸ್ಪಂಜಿಗೆ ಹಾಕಿಕೊಂಡು ಟೈರಿನ ಪಕ್ಕಕ್ಕಷ್ಟೇ ತೆಳ್ಳಗೆ ಸವರಿ. ನೇರ ಸ್ಪ್ರೇ ಮಾಡಿದರೆ ಬ್ರೇಕ್ ಡಿಸ್ಕಿಗೆ ಸಿಡಿಯುತ್ತದೆ. ಹತ್ತು-ಹದಿನೈದು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒಣ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಓಡಿಸುವಾಗ ಕಾರಿನ ಮೈಗೆಲ್ಲ ಚಿಮ್ಮುತ್ತದೆ.

ದಯವಿಟ್ಟು ಆ ಮೆಸೇಜನ್ನು ಮುಂದಕ್ಕೆ ಕಳಿಸಬೇಡ್ರಿ. ಈಗಾಗಲೇ ಡೀಸೆಲ್ ಹಚ್ಚಿದ್ದರೆ ಇವತ್ತೇ ಸೋಪಿನ ನೀರಿನಿಂದ ತೊಳೆದು, ಬಿರುಕು ಕಂಡರೆ ಊರು ಬಿಡುವ ಮುಂಚೆ ಟೈರ್ ಅಂಗಡಿಯವರಿಗೆ ತೋರಿಸಿ.